ಹುಲುಗಪ್ಪನ ತಲೆಯ ಪೆಟ್ಟು

ಬಲು ಹಿಂದೆ, ಹೊಳೆ ಇನ್ನೂ ಸೇತುವೆಯ ಮುಖ ನೋಡದ ಕಾಲದಲ್ಲಿ, ದಡದ ಮೇಲೊಂದು ಊರಿತ್ತಂತೆ. ಆ ಊರಿಗೆ ಹರಿಗೋಲು ಹಾಕುತ್ತಿದ್ದವನು ಅಂಬಿಗರ ಹುಲುಗಪ್ಪ. ಕೂತ್ಕೊಳ್ಳಿ, ಹೇಳ್ತೀನಿ. ಈ ಕಥೆ ಹೇಳುವುದೆಂದರೆ ನನಗೆ ಹಬ್ಬ, ಆದರೆ ಕಡೆಗೆ ಬರುವಷ್ಟರಲ್ಲಿ ಪ್ರತಿಸಲವೂ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಹುಲುಗಪ್ಪ ಹುಟ್ಟು ಹಾಕಿದರೆ ಸುಳಿಯೇ ಪಕ್ಕಕ್ಕೆ ಸರಿಯುತ್ತಿತ್ತಂತೆ. ಮೀಸೆಯೋ, ಆಚೆ ದಡಕ್ಕೆ ಕಾಣುತ್ತಿತ್ತಂತೆ! ಒಂದು ಮಳೆಗಾಲ ಊರಗೌಡನ ಪುಟ್ಟ ಮಗಳು ಹೊಳೆಗೆ ಬಿದ್ದಳು. ಹುಲುಗಪ್ಪ ಹಾರಿದ, ಮಗುವನ್ನು ಮೇಲೆತ್ತಿ ಹಿಡಿದ, ಬಂಡೆಗೆ ತನ್ನ ತಲೆ ಕೊಟ್ಟ. ಮಗು ಉಳಿಯಿತು, ಅವನೂ ಉಳಿದ, ಗಾಯವೂ ಮಾಯಿತು.

ಗಾಯ ಮಾಯ್ದ ಮೇಲೆ ಅದಕ್ಕೆ ಕಟ್ಟಿದ ಬಟ್ಟೆಯನ್ನು ಹೊಳೆಗೆ ಬಿಡುವುದು ಅಲ್ಲಿಯ ಪದ್ಧತಿ. ಬಿಟ್ಟ ಮೇಲೆ ಆ ಗಾಯದ ಮಾತೆತ್ತಬಾರದು, ಎತ್ತಿದರೆ ಮರುಕಳಿಸುತ್ತದಂತೆ. ಬಟ್ಟೆ ಬಿಟ್ಟರು. ಮಾತು ಯಾರೂ ಎತ್ತಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಅವನಿಗೆ ತೀರದ ಬಾಯಾರಿಕೆ. ಕೊಡ ಎತ್ತಿ ಕುಡಿಯುತ್ತಿದ್ದ, ನಡುಹೊಳೆಯಿಂದ ಹರಿಗೋಲು ತಿರುಗಿಸಿ ಒಂದಕ್ಕೆಂದು ದಡದ ಪೊದೆಗೆ ಓಡುತ್ತಿದ್ದ. ಬಿಸಿಲಲ್ಲೂ ಕಂಬಳಿ. ತೋಳು ಸೋತಿತು, ಮೀಸೆ ಉದುರಿತು. ಊರವರಿಗೆ ಅದೇ ನಗೆಪಾಟಲು.

“ಲೇ ಹುಲುಗ, ಹೊಳೀನೆಲ್ಲ ನೀನ ಕುಡಿದ್ರ ಹರಿಗೋಲು ಎಲ್ಲಿ ಬಿಡ್ತೀಯೋ?”

“ಮೀಸಿ ಹೆಂಡ್ತಿಗೆ ಕೊಟ್ಟೆಯೇನು?”

ಅವನು ನಾಚಿ ಮುಖಕ್ಕೆ ವಸ್ತ್ರ ಸುತ್ತಿಕೊಂಡ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿಯಿದೆ, ತಲೆಗೆ ಪೆಟ್ಟು ಬಿದ್ದರೆ ಅದರ ಹಾರ್ಮೋನುಗಳು ಎಷ್ಟೋ ತಿಂಗಳ ಮೇಲೂ ಕೈಕೊಟ್ಟು ಹೀಗೆಲ್ಲ ಆಗಬಹುದು ಅಂತ ಕಾಲೇಜು ಕಂಡ ನಾವು ಈಗ ಸಲೀಸಾಗಿ ಹೇಳುತ್ತೇವೆ. ಆ ಊರು ಸೋಮಾರಿ ಅಂದಿತು.

ಕಡೆಗೆ ಗೌಡ ಕಟ್ಟೆಯ ಮೇಲೆ ಜನ ಸೇರಿಸಿ, ಹುಟ್ಟನ್ನು ಬೇರೆಯವರಿಗೆ ಕೊಡಿಸಹೊರಟನಂತೆ. ಹುಟ್ಟು ಹೋದರೆ ಅಂಬಿಗನಿಗೆ ಇನ್ನೇನು ಉಳಿಯಿತು? ಹುಲುಗಪ್ಪ ಕೊಟ್ಟೂಬಿಟ್ಟ. ಆಗ ಹೆಂಡತಿ ತಿಪ್ಪವ್ವ ನುಗ್ಗಿ ಬಂದು ಅವನ ರುಮಾಲು ಕಿತ್ತು ತಲೆಯ ಕಲೆ ತೋರಿಸಿದಳು.

“ಗೌಡ್ರ, ನಿಮ್ಮ ಮಗಳನ್ನ ಎತ್ತುವಾಗ ಬಿದ್ದ ಪೆಟ್ಟಿದು. ಮಾತು ಎತ್ತಬಾರದಂತ ನಾನೂ ಬಾಯಿ ಮುಚ್ಚಿದ್ದೆ. ಅವತ್ತಿನಿಂದನ ಹಿಂಗಾಗ್ಯಾನ. ಯಾರರ ಒಬ್ರು ಕೇಳಿದ್ರೇನು?”

ಗೌಡ ಎರಡೂ ಕೈಯಲ್ಲಿ ಹುಟ್ಟನ್ನು ಹಿಂದಕ್ಕೆ ಕೊಟ್ಟ. ಹಿಡಿಯಲು ಹುಲುಗಪ್ಪನ ಕೈಯಲ್ಲಿ ತ್ರಾಣವಿರಲಿಲ್ಲ. ಅವನನ್ನು ಹರಿಗೋಲಿನಲ್ಲಿ ಕೂರಿಸಿ, ಅವನು ಕಣ್ಣುಮುಚ್ಚುವವರೆಗೂ ಗೌಡನೇ ಹುಟ್ಟು ಹಾಕಿದನಂತೆ. ಬಾರದ ಕೈ, ಹರಿಗೋಲು ನಿಂತಲ್ಲೇ ಗಿರಗಿರ ತಿರುಗುತ್ತಿತ್ತಂತೆ. ಯಾರೂ ನಗಲಿಲ್ಲವಂತೆ.

ಇವತ್ತಿಗೂ ಆ ದಡದವರು ತಲೆಗಾಯದ ಬಟ್ಟೆಯನ್ನು ಹೊಳೆಗೆ ಬಿಡುವುದಿಲ್ಲ, ಬಾಗಿಲಿಗೆ ಕಟ್ಟುತ್ತಾರೆ. ಅದು ಬಣ್ಣಗೆಟ್ಟು ಹರಿದು ಬೀಳುವವರೆಗೂ, ಆ ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಒಳಗೆ ಇಣುಕಿ ಕೇಳಿಯೇ ಮುಂದೆ ಹೋಗಬೇಕು: “ಬಾಯಾರಿಕಿ ಹೆಂಗೈತಿ?”