ನರಿ ದುಗ್ಗಪ್ಪನ ಬಾಡಿಗೆ ದೋಣಿ

ದೊಡ್ಡ ಕಾಡೊಂದರ ಹುತ್ತದ ಸಾಲಿನಲ್ಲಿ ಪುಟ್ಟತಾಯಿ ಅಂತ ಒಂದು ಮುಂಗುಸಿ ಇದ್ದಳು. ಹೆದರುಪುಕ್ಕಲಿ ಅಂದರೆ ಅಂಥಿಂಥ ಹೆದರುಪುಕ್ಕಲಿಯಲ್ಲ. ಎಲೆ ಉದುರಿದರೂ ಎದ್ದು ಕೂರುತ್ತಿದ್ದಳು. ಗಂಡ ಕೆಂಚಯ್ಯ ಇದಕ್ಕೆ ತದ್ವಿರುದ್ಧ. ಅವನಿಗೆ ಈಜು ಬಾರದು, ಮೊಣಕಾಲುದ್ದದ ಹಳ್ಳ ದಾಟಲೂ ಬಾರದು, ಜಂಬ ಮಾತ್ರ ಬೇಕಾದಷ್ಟಿತ್ತು. ಆ ವರ್ಷ ರಜೆಗೆ ತೆಂಗಿನ ದ್ವೀಪಕ್ಕೆ ಹೋಗಿ ತನ್ನಷ್ಟೇ ಉದ್ದದ ಅಂಜಲ್ ಮೀನು ಹಿಡಿದು ತರುತ್ತೇನೆ ಅಂತ ಕಾಡಿಗೆಲ್ಲ ಸಾರಿಬಿಟ್ಟ. ಅವನೊಬ್ಬನನ್ನೇ ಕಳಿಸಲು ಪುಟ್ಟತಾಯಿಗೆ ಮನಸ್ಸು ಬರಲಿಲ್ಲ. ಆಮೆಯ ಬೆನ್ನೇರಿ, ಕಣ್ಣು ಮುಚ್ಚಿಕೊಂಡೇ ಅವಳೂ ದ್ವೀಪ ಸೇರಿದಳು.

ಎರಡು ದಿನ ಕೆಂಚಯ್ಯ ಅಲೆಯಂಚಿನಲ್ಲಿ ನಿಂತು ಗಾಳ ಹಾಕಿದ. ಅಲೆ ಬಂದಾಗಲೆಲ್ಲ ಪುಟ್ಟತಾಯಿ ಹಿಂದೆ ನಿಂತು ಅವನ ಬಾಲ ಹಿಡಿದುಕೊಳ್ಳುತ್ತಿದ್ದಳು. ನೋಡಿದವರೆಲ್ಲ ನಕ್ಕರು. ನಗಲಿ, ಅವಳಿಗೇನು? ಗಂಡ ಕಾಲ ಮೇಲೆ ನಿಂತಿದ್ದನಲ್ಲ, ಅಷ್ಟು ಸಾಕಿತ್ತು. ಆದರೆ ಸಿಕ್ಕಿದ್ದು ಬೆರಳುದ್ದದ ನಾಲ್ಕು ಕಾಣೆ ಮೀನು. ಕೆಂಚಯ್ಯನ ಮುಖ ಸಪ್ಪಗಾಯಿತು.

ಇಂಥ ಸಪ್ಪೆ ಮುಖಗಳನ್ನೇ ಹುಡುಕಿಕೊಂಡು ದಡದ ಮೇಲೆ ಓಡಾಡುವವನು ನರಿ ದುಗ್ಗಪ್ಪ. ರಜೆಗೆ ಬಂದವರನ್ನು ಬಾಡಿಗೆ ದೋಣಿಯಲ್ಲಿ ಆಳಕ್ಕೆ ಕರೆದೊಯ್ದು ಮೀನು ಹಿಡಿಸುವುದು ಅವನ ಕಸುಬು. ಹಿಡಿದ ನಾಲ್ಕು ಮೀನಿನಲ್ಲಿ ಒಂದು ಅವನಿಗೆ, ಮೂರು ಗಿರಾಕಿಗೆ. ಎಂಥ ಧಾರಾಳಿ ನೋಡಿ! ಪುಟ್ಟತಾಯಿ ಬೇಡವೇ ಬೇಡ ಅಂದಳು. ಪಕ್ಕದಲ್ಲಿ ಬಿಸಿಲು ಕಾಯುತ್ತಿದ್ದ ಕರಡಿ ಬೆಟ್ಟಯ್ಯ ನಡುವೆ ಬಾಯಿ ಹಾಕಿ, ನಿನ್ನೆ ನಡುಗಡಲಲ್ಲಿ ದೋಣಿಗೆ ನೀರು ನುಗ್ಗಿತು, ಮೀನೆಲ್ಲ ಹೋದರೂ ದುಗ್ಗಪ್ಪ ನನ್ನ ಜೀವ ಉಳಿಸಿದ, ದೇವರಂಥವನು ಅಂತ ಹೊಗಳಿದ. ಕೆಂಚಯ್ಯನಿಗೆ ಅಷ್ಟೇ ಸಾಕಾಯಿತು. ಪುಟ್ಟತಾಯಿಯ ಕಿವಿಗೆ ಬಿದ್ದದ್ದು ಮಾತ್ರ 'ನೀರು ನುಗ್ಗಿತು' ಅನ್ನುವುದೊಂದೇ.

ಮರುದಿನ ಬೆಳಿಗ್ಗೆ ಮೂವರೂ ಹೊರಟರು. ಅಲ್ಲಿನ ದೋಣಿಯವರದು ಒಂದು ಕಟ್ಟುನಿಟ್ಟು ಕ್ರಮ. ದೊಡ್ಡ ಅಲೆಗಳು ಒಂದರ ಹಿಂದೊಂದು ಮೂರು ಬರುತ್ತವೆ. ಮೂರನೆಯದು ಹೋದ ಕೂಡಲೇ ಅದರ ಬೆನ್ನಿಗೇ ನುಗ್ಗಬೇಕು. ತಡಮಾಡಿದರೆ ಮುಂದಿನ ದೊಡ್ಡ ಅಲೆ ದೋಣಿಯನ್ನು ಮಗುಚಿ ಹಾಕುತ್ತದೆ. ದುಗ್ಗಪ್ಪ ಇದನ್ನು ಹೇಳುತ್ತಲೇ ಹುಟ್ಟು ಹಾಕಿ ದೋಣಿಯನ್ನು ಸಲೀಸಾಗಿ ಆಚೆ ದಾಟಿಸಿದ. ಪುಟ್ಟತಾಯಿ ಮಾತ್ರ ಗಂಡನ ಬಾಲ ಬಿಡಲಿಲ್ಲ.

ಆಳದಲ್ಲಿ ಮೀನು ಬಿದ್ದವು ನೋಡಿ! ಬುಟ್ಟಿ ತುಂಬ ಬಂಗುಡೆ, ಮೇಲೆ ಕೆಂಚಯ್ಯನಷ್ಟೇ ಉದ್ದದ ಅಂಜಲ್. ಅವನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಪುಟ್ಟತಾಯಿಯ ಪಾದ ಒದ್ದೆಯಾಯಿತು. ಬಗ್ಗಿ ನೋಡಿದರೆ ದೋಣಿಯ ತಳದಲ್ಲಿ ನೀರು. ನೋಡನೋಡುತ್ತ ಅದು ಮೊಣಕಾಲಿಗೆ ಬಂತು.

"ದೋಣಿ ಭಾರ ತಡೀತಿಲ್ಲ ಯಜಮಾನ್ರೇ, ಮೀನೆಲ್ಲ ಇಲ್ಲಿ ಹಿಂದಕ್ಕೆ ಕಡಲಿಗೆ ಸುರಿದುಬಿಡಿ. ಇಲ್ಲೇ, ನನ್ನ ಪಕ್ಕಕ್ಕೆ" ಅಂದ ದುಗ್ಗಪ್ಪ.

ಕೆಂಚಯ್ಯ ಅಳುತ್ತಲೇ ಬುಟ್ಟಿ ಬರಿದು ಮಾಡಿದ. ಆಗ ದುಗ್ಗಪ್ಪ ಕಡಲಿಗೆ ಕೈಮುಗಿದು, ಏನೋ ಮಣಮಣ ಅನ್ನುತ್ತ, ಕೂತ ಜಾಗದಲ್ಲೇ ಬಗ್ಗಿ ಎದ್ದ. ನೀರು ಬರುವುದು ನಿಂತುಹೋಯಿತು. ಬೊಗಸೆಯಲ್ಲಿ ನೀರು ಹೊರಗೆ ಚೆಲ್ಲುತ್ತ ಕೆಂಚಯ್ಯ, ಇವನು ದೇವರಂಥವನೇ ಅಂದ. ಪುಟ್ಟತಾಯಿಗೆ ಮಾತ್ರ ನಂಬಿಕೆ ಬರಲಿಲ್ಲ. ತೂತು ಬಿದ್ದ ದೋಣಿ ಮಣಮಣ ಅಂದರೆ ಸರಿಹೋಗುತ್ತದೆಯೇ? ಒಂದು ಬುಟ್ಟಿ ಮೀನಿನ ಭಾರಕ್ಕೆ ತಳದಿಂದ ನೀರು ಉಕ್ಕುತ್ತದೆಯೇ?

ವಾಪಸು ಬರುವಾಗ ಮೂರನೆಯ ಅಲೆ ಹೋದ ಕೂಡಲೇ ದುಗ್ಗಪ್ಪ ದೋಣಿ ನುಗ್ಗಿಸಿದ. ಆದರೆ ದೋಣಿ ಹೋಗಲೊಲ್ಲದು. ಎಷ್ಟು ಹುಟ್ಟು ಹಾಕಿದರೂ ಯಾರೋ ಹಿಂದಿನಿಂದ ಜಗ್ಗುತ್ತಿದ್ದಂತೆ ತೆವಳಿತು. ಕೆಂಚಯ್ಯ ದಡವನ್ನೇ ನೋಡುತ್ತಿದ್ದ. ಪುಟ್ಟತಾಯಿಗೆ ಬೆನ್ನ ಹಿಂದೆ ಏನು ಬರುತ್ತಿದೆಯೋ ಅನ್ನುವ ಭಯ. ತಡೆಯಲಾರದೆ ಹಿಂದಕ್ಕೆ ತಿರುಗಿದಳು. ದೂರದಲ್ಲಿ ಮುಂದಿನ ದೊಡ್ಡ ಅಲೆ ಎದ್ದು ನಿಂತಿತ್ತು. ಹತ್ತಿರದಲ್ಲಿ, ದೋಣಿಯ ಬಾಲಕ್ಕೆ ಕಟ್ಟಿದ ಹಗ್ಗ ಬಿಗಿದು ನಿಂತಿತ್ತು. ಹಗ್ಗದ ತುದಿಗೆ ಒಂದು ಬಲೆಯ ಚೀಲ. ಚೀಲದೊಳಗೆ ಗಂಡನ ಅಂಜಲ್.

ದುಗ್ಗಪ್ಪನ ಕಾಲ ಬಳಿ ದೋಣಿ ತೊಳೆದ ನೀರು ಬಿಡುವ ತೂತು, ಅದಕ್ಕೆ ಜಡಿದ ಮರದ ಬಿರಡೆ. ಎಲ್ಲ ಅರ್ಥವಾಯಿತು. ಬಿರಡೆ ಕಿತ್ತು ನೀರು ಬಿಟ್ಟವನೂ ಅವನೇ, ಜಡಿದು ನಿಲ್ಲಿಸಿದವನೂ ಅವನೇ. ಚೆಲ್ಲಿದ ಮೀನು ಕಡಲಿಗಲ್ಲ, ಅವನ ಚೀಲಕ್ಕೆ. ಆದರೆ ಸಿಟ್ಟು ಮಾಡಿಕೊಳ್ಳಲು ಈಗ ಹೊತ್ತೆಲ್ಲಿ? ಅಲೆ ಬರುತ್ತಿತ್ತು, ಗಂಡನಿಗೆ ಈಜು ಬಾರದು.

"ದುಗ್ಗಪ್ಪಣ್ಣ, ಆ ಹಗ್ಗ ಬಿಚ್ಚಿಬಿಡು. ಮೀನು ನೀನೇ ತಗೋ ಬೇಕಾದ್ರೆ, ಈಗ ಬಿಚ್ಚು" ಅಂತ ಅಂಗಲಾಚಿದಳು.

ದುಗ್ಗಪ್ಪನೂ ಅಲೆಯನ್ನು ನೋಡಿದ್ದ. ಆದರೆ ಇಷ್ಟು ದಿನ ಆಳದಲ್ಲಿ ಅಡಗಿಸಿಟ್ಟು ಇಂದು ದೋಣಿಗೆ ಕಟ್ಟಿಕೊಂಡ ಆ ಚೀಲದಲ್ಲಿ ಮೊನ್ನೆಯ ಕರಡಿಯ ಮೀನೂ ಇತ್ತು, ನಿನ್ನೆಯವರದೂ ಇತ್ತು. ಇನ್ನೊಂದು ಹತ್ತು ಹುಟ್ಟು, ದಡ ಸೇರಿಬಿಡುತ್ತೇವೆ ಅಂದ. ಪುಟ್ಟತಾಯಿ ಗಡಗಡ ನಡುಗುತ್ತಲೇ ಹಿಂದಕ್ಕೆ ಜಿಗಿದು ಹಗ್ಗಕ್ಕೆ ಹಲ್ಲು ಹಾಕಿದಳು. ಹಾವಿನ ಕತ್ತು ಮುರಿಯುವ ಹಲ್ಲು, ಹಗ್ಗ ಯಾವ ಲೆಕ್ಕ? ಎಳೆ ಎಳೆಯಾಗಿ ಕಿತ್ತು ಬಂತು. ದುಗ್ಗಪ್ಪ ಹುಟ್ಟು ಬಿಸಾಕಿ ಹಗ್ಗವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಹಗ್ಗ ತುಂಡಾಯಿತು. ಚೀಲದ ಜೊತೆಗೆ ಅವನೂ ನೀರಿಗೆ ಬಿದ್ದ.

ಹಗುರಾದ ದೋಣಿ ಅಲೆ ದೂಡಿದ ಹಾಗೇ ಸರ್ರನೆ ಓಡಿ ಮರಳಿಗೆ ಬಂದು ಕೂತಿತು. ಅಲೆ ಒಡೆದದ್ದು ಹಿಂದೆ, ಸರಿಯಾಗಿ ದುಗ್ಗಪ್ಪನ ತಲೆಯ ಮೇಲೆ. ಅದು ಅವನನ್ನು ಉರುಳಿಸಿ, ಹೊರಳಿಸಿ, ಚೀಲದ ಸಮೇತ ದಡಕ್ಕೆ ಎಸೆಯಿತು. ಮೂರು ದಿನದ ಮೀನು ಮರಳ ಮೇಲೆಲ್ಲ ಚೆಲ್ಲಾಡಿತು. ಕರಡಿ ಬೆಟ್ಟಯ್ಯ ಓಡಿ ಬಂದು ತನ್ನ ಮೀನನ್ನು ಗುರುತಿಸಿದ, ಬಿರಡೆಯನ್ನೂ ಕಿತ್ತು ನೋಡಿದ. ದೇವರಂಥವನು ಅಂತ ಅವನೇನೂ ಆಮೇಲೆ ಅನ್ನಲಿಲ್ಲ. ಅಂದಿನಿಂದ ದುಗ್ಗಪ್ಪನ ದೋಣಿಗೆ ಒಂದು ನೊಣವೂ ಹತ್ತಲಿಲ್ಲ. ಕೆಮ್ಮುತ್ತ, ಹಸಿದುಕೊಂಡು, ಅವನೂ ಅಲೆಯಂಚಿನಲ್ಲಿ ಗಾಳ ಹಿಡಿದು ನಿಲ್ಲಬೇಕಾಯಿತು.

ಕೆಂಚಯ್ಯ ಮರಳಲ್ಲಿ ಬಿದ್ದಿದ್ದ ತನ್ನ ಅಂಜಲ್ ಎತ್ತಿಕೊಂಡ. ಆಮೇಲೆ ಹೆಂಡತಿಯ ಪಕ್ಕ ಕೂತು ಮೆಲ್ಲಗೆ ಕೇಳಿದ, "ನಿಂಗೆ ಹೆದರಿಕೆ ಆಗ್ಲಿಲ್ವೇನೇ?"

ಪುಟ್ಟತಾಯಿ ಇನ್ನೂ ನಡುಗುತ್ತಿದ್ದಳು.

"ಆಯ್ತು ರೀ. ಆಗಿದ್ದಕ್ಕೇ ಹಿಂದೆ ತಿರುಗಿ ನೋಡ್ದೆ."

ನೀತಿ: ಮೋಸದಿಂದ ಕೂಡಿಟ್ಟದ್ದು ಕೂಡಿಟ್ಟವನನ್ನೇ ಮುಳುಗಿಸುತ್ತದೆ, ಅಪಾಯ ಕಂಡು ಹೆದರುವುದು ಹೇಡಿತನವಲ್ಲ, ಎಚ್ಚರ.