ದೇಸಾಯರ ಗೋಪುರ

ಹೆಣ್ಣುಮಕ್ಕಳ ಶಾಲೆಯಲ್ಲಿ ಕಸೂತಿ ಕಲಿಸುವ ಕೆಲಸ ಕೇಳಿ ಬಂದ ಹೆಂಗಸಿಗೆ ಶಾಲಾ ಕಮಿಟಿಯ ಅಧ್ಯಕ್ಷ ದೇಸಾಯರು ಹೇಳಿದರು, "ಕಠಿಣ ವಿಚಾರ ಅಂದ್ರ ನನಗ ಹಬ್ಬ. ಬುದ್ಧಿವಂತರ ಲಕ್ಷಣ ಅದು. ನಿಂದು ಬರೀ ಕೈಕೆಲಸ."

ಆಕೆ ಬಟ್ಟೆ, ಸೂಜಿ ಮುಂದಿಟ್ಟಳು. "ಒಂದು ಗೋಪುರ ಹಾಕ್ರಿ ಸಾಹೇಬ್ರ. ಎರಡೂ ಮಗ್ಗಲು ಒಂದೇ ಥರಾ ಕಾಣಬೇಕು. ಗಂಟು ಹಾಕಬಾರದು. ದಾರ ಹೊರಟಲ್ಲಿಗೇ ತಿರುಗಿ ಬರಬೇಕು."

ದೇಸಾಯರು ನಕ್ಕು ಸೂಜಿ ಹಿಡಿದರು. ಗೋಪುರದ ಮೂರನೇ ಮೆಟ್ಟಿಲಿಗೆ ದಾರ ದಾರಿ ತಪ್ಪಿತು. ಬಿಚ್ಚಿ ಮತ್ತೆ ಹಾಕಿದರು. ಮತ್ತೆ ತಪ್ಪಿತು. ಕಮಿಟಿಯವರೆಲ್ಲ ನೋಡುತ್ತಿದ್ದರು. ಕೊನೆಗೆ ದೇಸಾಯರು ಸೂಜಿ ಕೆಳಗಿಟ್ಟರು.

"ಸಾಕವ್ವಾ, ದಾರಿ ಹೇಳಿಬಿಡು!"

"ಆಗಲೇ ಹೇಳತಿದ್ದೆರಿ," ಅಂದಳು ಆಕೆ. "ಹಬ್ಬ ಅಂದ್ರಲ್ರಿ, ನಡುವ ಕೆಡಸಬಾರದಂತ ಸುಮ್ಮನಿದ್ದೆ."

ದೇಸಾಯರು ತಲೆ ಎತ್ತದೆಯೇ ನೇಮಕದ ಕಾಗದಕ್ಕೆ ಸಹಿ ಹಾಕಿದರು. ಬಟ್ಟೆಯನ್ನು ಮಾತ್ರ ಮಡಚಿ ಕಿಸೆಗೆ ತುರುಕಿಕೊಂಡರು. ಅದರ ಹಿಂದಿನ ಮಗ್ಗಲು ಯಾರೂ ನೋಡುವುದು ಬೇಡವಾಗಿತ್ತು.