ಎಮಿಲ್ ತೊಟ್ಟುಕೊಂಡು ಹೋದ ಕೋಟು

ಬಹಳ ಹಿಂದೆ ಒಂದು ಊರಿತ್ತು ಮಕ್ಕಳೇ. ನಮ್ಮ ಸೀಮೆಯದಲ್ಲ, ಜರ್ಮನಿಯದು. ಹೋಲ್ಟರಾಡೆ ಅಂತ ಹೆಸರು. ನಾನು ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸಾಗಿ ಹನ್ನೊಂದು ವರ್ಷ ಇದ್ದೆ, ಹಾಗಾಗಿ ಈ ಕಥೆ ನನ್ನ ಬಾಯಿಗೆ ಬಂತು. ನಾನು ಹೋಗುವ ಹೊತ್ತಿಗೆ ಆ ಊರಿನ ಫುಟ್‌ಬಾಲ್ ಆಟಗಾರ ಎಮಿಲ್ ಮಣ್ಣು ಸೇರಿ ಎಷ್ಟೋ ಕಾಲವಾಗಿತ್ತು. ಆದರೆ ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತಿದರೆ ಸಾಕು, ಅಲ್ಲಿಯ ಮುದುಕರು ಎಮಿಲನ ಕಥೆ ಶುರು ಮಾಡುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಥರ. ನಾನು ಎಲ್ಲ ಕೂಡಿಸಿ ಹೇಳುತ್ತೇನೆ, ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತಂತೆ. ಅರ್ಧ ಊರಿಗೆ ಸೂರಿಲ್ಲ, ಡಬ್ಬಿಯಲ್ಲಿ ಹಿಟ್ಟಿಲ್ಲ. ನೆಲದೊಳಗೆ ಮಾತ್ರ ಕಲ್ಲಿದ್ದಲು ಬೇಕಾದಷ್ಟಿತ್ತು, ಗಂಡಸರೆಲ್ಲ ಗಣಿಗೆ ಇಳಿಯುತ್ತಿದ್ದರು. ಎಮಿಲನೂ ಇಳಿದ. ಅವನ ಮೊದಲ ಚೆಂಡು ಹಳೇ ಕಾಲುಚೀಲಕ್ಕೆ ಚಿಂದಿ ತುರುಕಿ ಹೊಲಿದದ್ದಂತೆ. ಅವನ ಮೊದಲ ಬೂಟು ಸತ್ತ ಸಿಪಾಯಿಯೊಬ್ಬನದಂತೆ. ಅದು ಅವನ ಕಾಲಿಗೆ ಎರಡು ಅಳತೆ ದೊಡ್ಡದು. ಅದಕ್ಕೇ ಅವನು ಒದ್ದ ಚೆಂಡು ಎತ್ತ ತಿರುಗುತ್ತದೆ ಅಂತ ಎದುರಾಳಿಗೂ ಗೊತ್ತಾಗುತ್ತಿರಲಿಲ್ಲ, ಅವನಿಗೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಚೆಂಡು ಚರ್ಚಿನ ಗೋಪುರ ಸುತ್ತಿ ಬಂದು ಗೋಲಿಗೆ ಬಿತ್ತು ಅಂತಾರೆ. ಆ ಗೋಪುರ ನಾನು ನೋಡಿದ್ದೇನೆ, ಮೈದಾನದಿಂದ ಅರ್ಧ ಮೈಲಿ ದೂರ. ಇರಲಿ, ಹಾಗಂತಾರೆ.

ಅವನ ಜೀವದ ಗೆಳೆಯ ಥಿಯೋ. ಒಂದೇ ಸುರಂಗದಲ್ಲಿ ಇಬ್ಬರ ಕೆಲಸ. ಥಿಯೋನಿಗೆ ಹೆಂಡತಿ ಮಕ್ಕಳಿರಲಿಲ್ಲ, ಪಾರಿವಾಳಗಳಿದ್ದವು. ಶನಿವಾರ ಪಾಳಿ ಮುಗಿದರೆ ಅವನ್ನು ಬುಟ್ಟಿಯಲ್ಲಿಟ್ಟುಕೊಂಡು ರೈಲು ಹತ್ತಿ ದೂರ ಹೋಗುತ್ತಿದ್ದ, ಅಲ್ಲಿಂದ ಹಾರಿಬಿಟ್ಟು ಭಾನುವಾರ ಸಂಜೆ ವಾಪಸಾಗುತ್ತಿದ್ದ. ಅವೆರಡು ದಿನ ಅವನೆಲ್ಲಿ ಅಂತ ಯಾರೂ ಕೇಳುತ್ತಿರಲಿಲ್ಲ.

ಈಗ ಆ ಗಣಿಯ ಪದ್ಧತಿ ಕೇಳಿ. ಅಲ್ಲಿ ಬಟ್ಟೆ ಬದಲಿಸುವ ದೊಡ್ಡ ಹಜಾರವೊಂದಿತ್ತು. ಬೀರು ಇಲ್ಲ, ಗೂಟ ಇಲ್ಲ. ಆಳಿಗೊಂದು ಸರಪಳಿ, ಅದರ ತುದಿಗೆ ಕೊಕ್ಕೆ. ಮನೆಯ ಬಟ್ಟೆಯನ್ನು ಕೊಕ್ಕೆಗೆ ಹಾಕಿ ಸರಪಳಿ ಎಳೆದರೆ ಅದು ಸೂರಿಗೆ ಏರುತ್ತಿತ್ತು. ಮೇಲೆ ಬಂದವನು ಅದನ್ನಿಳಿಸಿ ತೊಟ್ಟು, ಮಸಿ ಬಟ್ಟೆಯನ್ನು ಅದೇ ಕೊಕ್ಕೆಗೆ ಹಾಕಿ ಏರಿಸುತ್ತಿದ್ದ. ಹಾಗಾಗಿ ಸೂರು ನೋಡಿದರೆ ಲೆಕ್ಕ ಸಿಗುತ್ತಿತ್ತು. ಮಸಿ ಬಟ್ಟೆ ತೂಗಿದರೆ ಮನುಷ್ಯ ಮನೆಗೆ ಹೋದ. ಮನೆಯ ಬಟ್ಟೆ ತೂಗಿದರೆ ಇನ್ನೂ ನೆಲದೊಳಗಿದ್ದಾನೆ. ಮನುಷ್ಯ ಸುಳ್ಳಾಡಿಯಾನು, ಸರಪಳಿ ಆಡದು ಅನ್ನುವುದು ಆ ಊರಿನ ಗಾದೆ.

ಎಮಿಲನ ತಂಡ ಒಂದು ವರ್ಷ ಗೆದ್ದೂ ಗೆದ್ದೂ ಫೈನಲ್ಲಿಗೆ ಹೋಯಿತು. ಪಂದ್ಯ ಭಾನುವಾರ, ದೂರದ ಪಟ್ಟಣದಲ್ಲಿ. ದೇಶದ ತಂಡಕ್ಕೆ ಆಟಗಾರರನ್ನು ಆರಿಸುವ ಯಜಮಾನರು ಎಮಿಲನೊಬ್ಬನನ್ನು ನೋಡಲೆಂದೇ ಬರುತ್ತಾರೆ ಅಂತ ಸುದ್ದಿ. ಶನಿವಾರ ಮೇಸ್ತ್ರಿ ಅವನನ್ನು ಒಂದು ಗಂಟೆ ಮೊದಲೇ ಬಿಟ್ಟ. ರೈಲಿಗೆ ಹೊತ್ತಾಗಿತ್ತು. ಗಡಿಬಿಡಿಯಲ್ಲಿ ಎಮಿಲ್ ಪಕ್ಕದ ಸರಪಳಿ ಇಳಿಸಿದ, ಥಿಯೋನದು. ಆ ಕಾಲದಲ್ಲಿ ಗಣಿಯವರು ಎಲ್ಲರಿಗೂ ಒಂದೇ ಥಾನಿನ ಕರೀ ಬಟ್ಟೆ ಕೊಟ್ಟಿದ್ದರು, ಇಬ್ಬರ ಮೈಕಟ್ಟೂ ಒಂದೇ. ಥಿಯೋನ ಬಟ್ಟೆ ತೊಟ್ಟ, ತನ್ನ ಮಸಿ ಬಟ್ಟೆಯನ್ನು ಥಿಯೋನ ಕೊಕ್ಕೆಗೆ ಹಾಕಿ ಏರಿಸಿದ, ಓಡಿದ.

ಅವನ ರೈಲು ಹೊರಟಿತು, ಇತ್ತ ಸುರಂಗ ಕುಸಿಯಿತು.

ತಪ್ಪಿಸಿಕೊಂಡವರು ಮೇಲೆ ಬಂದು ತಮ್ಮ ತಮ್ಮ ಬಟ್ಟೆ ಇಳಿಸಿಕೊಂಡು ಸೂರು ನೋಡಿದರು. ಮನೆಯ ಬಟ್ಟೆ ಒಂದೇ ತೂಗುತ್ತಿತ್ತು, ಎಮಿಲನದು. ಥಿಯೋನ ಕೊಕ್ಕೆಯಲ್ಲಿ ಮಸಿ ಬಟ್ಟೆ ಕಂಡು, ಅವನು ಪಾರಿವಾಳ ಹೊತ್ತು ಹೋದ ಅಂದುಕೊಂಡರು. ಅವನನ್ನು ನಾನೇ ಕಳಿಸಿದೆನಲ್ಲ ಅಂತ ಮೇಸ್ತ್ರಿ ಬಾಯಿ ಬಡಿದುಕೊಂಡನಂತೆ. ನೀನು ಕಳಿಸಿದೆ, ಆದರೆ ಅವನು ಹೋಗಲಿಲ್ಲ, ಸರಪಳಿ ನೋಡು ಅಂದರಂತೆ ಉಳಿದವರು. ಎಮಿಲನ ಹೆಂಡತಿ ಹೆಡ್ವಿಗ್ ಗಣಿಯ ಬಾಗಿಲಲ್ಲಿ ಬಂದು ನಿಂತಳು. ಊರಿಗೆ ಊರೇ ಗುದ್ದಲಿ ಹಿಡಿಯಿತು. ಭಾನುವಾರ ಮಧ್ಯಾಹ್ನದವರೆಗೂ ಅಗೆದರು.

ಅಷ್ಟರಲ್ಲಿ ರೇಡಿಯೋ ಕೂಗಿತು, ಎಮಿಲ್ ಗೋಲು ಹೊಡೆದ ಅಂತ! ಹೆಡ್ವಿಗ್ ಅತ್ತಳು, ನಕ್ಕಳು, ಗಂಡನಿಗೆ ಬಾಯಿಗೆ ಬಂದಂತೆ ಬೈದಳು. ಕೆಳಗೆ ಯಾರೂ ಇಲ್ಲ ಅಂತ ಎಲ್ಲರೂ ಗುದ್ದಲಿ ಬಿಸಾಡಿ ಕುಣಿದರು. ಅಂಚೆಯ ಯಜಮಾನ ಆಟದ ಮೈದಾನಕ್ಕೆ ಫೋನ್ ಮಾಡಿ, ನಿನಗಾಗಿ ನಿನ್ನೆಯಿಂದ ಅಗೆದೆವಲ್ಲೋ ಕತ್ತೆ, ನಿನ್ನ ಬಟ್ಟೆ ಇನ್ನೂ ಸೂರಿನಲ್ಲೇ ಇದೆ, ಅಂತ ಎಮಿಲನಿಗೆ ಹೇಳಿಕಳಿಸಿದ.

ಅರ್ಧ ಆಟದ ಬಿಡುವಿನಲ್ಲಿ ಎಮಿಲನಿಗೆ ಆ ಮಾತು ಮುಟ್ಟಿತು. ಚಳಿಯಿತ್ತು, ಕೋಟು ಹೊದ್ದಿದ್ದ. ನನ್ನ ಬಟ್ಟೆ ಅಲ್ಲಿದ್ದರೆ ಇದು ಯಾರದು ಅಂತ ಜೇಬಿಗೆ ಕೈ ಹಾಕಿದ. ಒಣ ಬಟಾಣಿ ಸಿಕ್ಕಿತು, ಪಾರಿವಾಳದ ಮೇವು. ಥಿಯೋ ಬರೀ ಮೈಯಲ್ಲಿ ಮನೆಗೆ ಹೋದನಲ್ಲಪ್ಪ ಅಂತ ನಗಲು ಹೊರಟವನು ಹಾಗೇ ಲೆಕ್ಕ ಹಾಕಿದ. ಥಿಯೋ ಮೇಲೆ ಬಂದಿದ್ದರೆ ಪಕ್ಕದ ನನ್ನ ಬಟ್ಟೆಯನ್ನಾದರೂ ತೊಡುತ್ತಿದ್ದ. ಅದು ಇನ್ನೂ ತೂಗುತ್ತಿದೆ ಅಂದರೆ ಅವನು ಬಂದೇ ಇಲ್ಲ.

ಫೋನಿಗೆ ಓಡಿ, ನಿಲ್ಲಿಸಬೇಡಿ, ಒಳಗೆ ಥಿಯೋ ಇದ್ದಾನೆ, ಅಂತ ಕೂಗಿದ. ಆಟ ಅಲ್ಲೇ ಬಿಟ್ಟು ಊರಿನ ರೈಲು ಹತ್ತಿದ. ಕಥೆ ಇಲ್ಲಿಗೆ ಬಂದಾಗ ನಾನು ಮುದುಕರನ್ನು ಕೇಳುತ್ತಿದ್ದೆ, ಫೋನ್ ಮಾಡಿದ ಮೇಲೆ ಆಡಬಹುದಿತ್ತಲ್ಲ ಅಂತ. ನನ್ನನ್ನು ಮಗುವನ್ನು ನೋಡುವ ಹಾಗೆ ನೋಡುತ್ತಿದ್ದರು. ಥಿಯೋ ಬ್ರೆಡ್ಡು ತಿನ್ನಲು ಯಾವ ಮೂಲೆಯಲ್ಲಿ ಕೂರುತ್ತಾನೆ ಅಂತ ಎಮಿಲನೊಬ್ಬನಿಗೇ ಗೊತ್ತಿತ್ತಮ್ಮ, ಅನ್ನುತ್ತಿದ್ದರು. ಆಗೆಲ್ಲ ಬದಲಿ ಆಟಗಾರನನ್ನು ಇಳಿಸುವ ನಿಯಮವಿರಲಿಲ್ಲ. ಹತ್ತೇ ಜನ ಆಡಿದರು, ಸೋತರು. ಮೂರು ಗೋಲಿಗೆ ಅಂತಾರೆ, ಆರಕ್ಕೆ ಅಂತಾರೆ.

ಎಮಿಲ್ ಆಟದ ಚಡ್ಡಿಯಲ್ಲೇ, ಥಿಯೋನ ಕೋಟಿನಲ್ಲೇ ಗಣಿಗೆ ಇಳಿದನಂತೆ. ಮೂಲೆ ತೋರಿಸಿದ, ಅಗೆದ. ಥಿಯೋ ಸಿಕ್ಕಿದ, ಕಾಲು ಮುರಿದಿತ್ತು, ಉಸಿರಿತ್ತು. ಕಣ್ಣು ಬಿಟ್ಟವನು ಕೇಳಿದ್ದು ಒಂದೇ ಮಾತು: "ಪಾರಿವಾಳಕ್ಕೆ ಮೇವು ಹಾಕಿದ್ರೇನೋ?"

ದೇಶದ ತಂಡದಿಂದ ಎಮಿಲನಿಗೆ ಕರೆ ಬರಲೇ ಇಲ್ಲ. ಅರ್ಧ ಆಟ ಬಿಟ್ಟು ಓಡಿದವನನ್ನು ಯಾರು ಕರೆಯುತ್ತಾರೆ? ಅವನಿಗೆ ಬೇಜಾರಾಗಲಿಲ್ಲ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ದೇಶದ ತಂಡದ ಆಟವನ್ನು ರೇಡಿಯೋ ಹೇಳುವಾಗ ಎದ್ದು ಥಿಯೋನ ಪಾರಿವಾಳದ ಗೂಡಿಗೆ ಹೋಗಿ ಕೂರುತ್ತಿದ್ದನಂತೆ. ಕುಂಟು ಥಿಯೋ ಪಕ್ಕದಲ್ಲಿ ಕೂರುತ್ತಿದ್ದನಂತೆ. ಊರಿನ ತಂಡಕ್ಕೆ ಮಾತ್ರ ಎಮಿಲ್ ತಲೆ ನರೆಯುವವರೆಗೂ ಆಡಿದ.

ಈಗ ಆ ಗಣಿ ಮುಚ್ಚಿದೆ. ಹಜಾರ ಉಳಿದಿದೆ, ಊರಿನ ಆಟಗಾರರು ಅಲ್ಲೇ ಬಟ್ಟೆ ಬದಲಿಸುತ್ತಾರೆ, ಅವೇ ಸರಪಳಿಗೆ ಕೋಟು ಏರಿಸುತ್ತಾರೆ. ಆಟ ಗೆಲ್ಲಲಿ, ಸೋಲಲಿ, ಪಕ್ಕದ ಕೋಟಿನವನು ಬಂದು ತನ್ನದನ್ನು ಇಳಿಸಿಕೊಳ್ಳುವವರೆಗೆ ಅಲ್ಲಿ ಯಾರೂ ತಮ್ಮ ಕೋಟು ಮುಟ್ಟುವುದಿಲ್ಲ. ಕಣ್ಣಾರೆ ಕಂಡಿದ್ದೇನೆ, ಚಳಿಯಲ್ಲಿ ನಡುಗುತ್ತಾ ಕಾಯುತ್ತಾರೆ.

ಮದುವೆ ಮನೆಯಲ್ಲಿ ಊಟ ಮುಗಿದ ಮೇಲೂ ಅಜ್ಜಿ ಚಪ್ಪಲಿ ಮೆಟ್ಟದೆ ಬಾಗಿಲಲ್ಲಿ ಯಾಕೆ ನಿಲ್ಲುತ್ತಾಳೆ ಅಂತ ನೀವೆಲ್ಲ ನಗುತ್ತೀರಲ್ಲ. ನನ್ನದರ ಪಕ್ಕದ ಜೋಡಿಯವರು ಇನ್ನೂ ಬಂದಿರುವುದಿಲ್ಲ ಮಕ್ಕಳೇ, ಅದಕ್ಕೆ.